ಮಬ್ಬಿನ ಲೆಕ್ಕ



ನವೆಂಬರ್ ತಿಂಗಳು. ಬೆಳಗಿನ ಹೊತ್ತು. ಟೆರ್ರಾ ಎಂಬ ಅಮೆರಿಕದ ಉಪಗ್ರಹ ಉತ್ತರ ಭಾರತದ ಮೇಲೆ ಹಾದು ಹೋಗುತ್ತಾ ಒಂದು ಚಿತ್ರ ತೆಗೆಯುತ್ತದೆ. ಅದು ಇರುವುದು ನೆಲದಿಂದ ಸುಮಾರು 700 ಕಿಲೋಮೀಟರ್ ಮೇಲೆ. ಚಿತ್ರದ ಮೇಲುಭಾಗದಲ್ಲಿ ಹಿಮಾಲಯದ ಹಿಮ ಬೆಳ್ಳಗೆ, ಸ್ಫುಟವಾಗಿ ಕಾಣುತ್ತದೆ. ಕಣಿವೆಗಳ ಗೆರೆಗಳೂ ತಿಳಿಯುತ್ತವೆ. ಅದರ ಕೆಳಗೆ, ಪಂಜಾಬಿನಿಂದ ಬಿಹಾರದವರೆಗೆ, ಅಗಲವಾದ ಬೂದುಬಣ್ಣದ ಪಟ್ಟಿ. ಅಲ್ಲಿ ಹೊಲ ಯಾವುದು, ನದಿ ಯಾವುದು, ಊರು ಯಾವುದು ಎಂದು ಗೊತ್ತಾಗುವುದಿಲ್ಲ. ಆ ಪಟ್ಟಿಯ ಅಡಿಯಲ್ಲೇ ದೆಹಲಿ ಇದೆ.

ಇಂಥ ಚಿತ್ರಗಳನ್ನು ನಾಸಾ ಚಳಿಗಾಲದಲ್ಲಿ ಮತ್ತೆ ಮತ್ತೆ ಪ್ರಕಟಿಸಿದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಹಚ್ಚುತ್ತಾರೆ. ಆ ಹೊಗೆಗೆ ವಾಹನಗಳ ಹೊಗೆ, ಇಟ್ಟಿಗೆ ಗೂಡುಗಳ ಹೊಗೆ, ಕಟ್ಟಡ ಕೆಲಸದ ಧೂಳು ಸೇರುತ್ತವೆ. ಚಳಿಗಾಲದ ತಣ್ಣನೆ ಗಾಳಿ ಮೇಲೇಳದೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ. ಹೊಗೆಗೆ ಹೋಗಲು ದಾರಿಯಿಲ್ಲ.

ಈ ಮಬ್ಬು ಉಸಿರಿಗೆ ಏನು ಮಾಡುತ್ತದೆ ಎಂಬುದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತಿನ ವಿಷಯ, ಅದು ಉಪಗ್ರಹ ಚಿತ್ರಕ್ಕೆ ಏನು ಮಾಡುತ್ತದೆ ಎಂಬುದು. ನಗರದಲ್ಲಿ ಎಷ್ಟು ಮರಗಳಿವೆ, ಕೆರೆ ಎಷ್ಟು ಉಳಿದಿದೆ, ಕಾಂಕ್ರೀಟು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನೆಲ್ಲ ಇಂದು ಉಪಗ್ರಹ ಚಿತ್ರದಿಂದ ಅಳೆಯುತ್ತಾರೆ. ನಡುವೆ ಮಬ್ಬು ಇದ್ದರೆ ಆ ಅಳತೆ ತಪ್ಪುತ್ತದೆ. ಹಾಗಾಗಿ ಮೊದಲು ಮಬ್ಬನ್ನು ಅಳೆದು ಕಳೆಯಬೇಕು. ಈ ಕೆಲಸ ಕಾಡಿನ ಮೇಲೆ ಸುಲಭ, ಸಮುದ್ರದ ಮೇಲೂ ಸುಲಭ. ನಗರದ ಮೇಲೆ ಮಾತ್ರ ಬಹಳ ಕಷ್ಟ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಬೆಳಕಿನ ದಾರಿ. ಸೂರ್ಯನ ಬೆಳಕು ಗಾಳಿಯನ್ನು ಎರಡು ಸಲ ದಾಟುತ್ತದೆ. ಇಳಿಯುವಾಗ ಒಮ್ಮೆ. ನೆಲಕ್ಕೆ ತಾಗಿ ಕ್ಯಾಮೆರಾದ ಕಡೆಗೆ ಏರುವಾಗ ಇನ್ನೊಮ್ಮೆ. ಎರಡೂ ಸಲ ಗಾಳಿ ಸ್ವಲ್ಪ ಬೆಳಕನ್ನು ಅತ್ತಿತ್ತ ಚದುರಿಸುತ್ತದೆ. ಚದುರಿದ್ದರಲ್ಲಿ ಒಂದಿಷ್ಟು ನೆಲವನ್ನು ಮುಟ್ಟದೆಯೇ ನೇರವಾಗಿ ಕ್ಯಾಮೆರಾಕ್ಕೆ ಹೋಗುತ್ತದೆ. ಅದರಲ್ಲಿ ಊರಿನ ಸುದ್ದಿ ಏನೂ ಇರುವುದಿಲ್ಲ. ಆದರೂ ಕ್ಯಾಮೆರಾ ಅದನ್ನು ಊರಿನ ಬೆಳಕಿನ ಜೊತೆಗೇ ಎಣಿಸುತ್ತದೆ.

ಚದುರಿಸುವವು ಎರಡು ಬಗೆ. ಒಂದು, ಗಾಳಿಯ ಅಣುಗಳು. ಇವು ನೀಲಿ ಬೆಳಕನ್ನು ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರಿಸುತ್ತವೆ. ಈ ನಿಯಮವನ್ನು ಲಾರ್ಡ್ ರ್‍ಯಾಲಿ 1871ರಲ್ಲಿ ಕಂಡುಕೊಂಡರು. ಆಕಾಶ ನೀಲಿಯಾಗಿರುವುದು ಇದರಿಂದಲೇ. ಈ ಪಾಲನ್ನು ಲೆಕ್ಕ ಹಾಕುವುದು ಸುಲಭ, ಏಕೆಂದರೆ ಗಾಳಿಯ ಒತ್ತಡ ಗೊತ್ತಿದ್ದರೆ ಅಣುಗಳ ಪ್ರಮಾಣವೂ ಗೊತ್ತಾಗುತ್ತದೆ. ಎರಡನೆಯ ಬಗೆ, ಹೊಗೆ, ಧೂಳು, ತೇವದ ಹನಿಗಳು. ವಿಜ್ಞಾನಿಗಳು ಇವನ್ನು ಒಟ್ಟಾಗಿ ಏರೋಸಾಲ್ ಎನ್ನುತ್ತಾರೆ. ಇವು ಅಣುಗಳಿಗಿಂತ ಬಹಳ ದೊಡ್ಡವು. ಇವು ಚದುರಿಸುವ ರೀತಿಯನ್ನು ಜರ್ಮನಿಯ ಗುಸ್ಟಾವ್ ಮೀ 1908ರಲ್ಲಿ ಗಣಿತದಲ್ಲಿ ಬಿಡಿಸಿದರು. ಮಬ್ಬಿನ ಬೂದುಬಣ್ಣ ಇವುಗಳದ್ದು. ಇವು ಇವತ್ತು ಇದ್ದಷ್ಟು ನಾಳೆ ಇರುವುದಿಲ್ಲ. ಒಂದೇ ನಗರದ ಒಂದು ಮೂಲೆಯಲ್ಲಿ ಇದ್ದಷ್ಟು ಇನ್ನೊಂದು ಮೂಲೆಯಲ್ಲೂ ಇರುವುದಿಲ್ಲ.

ನೀಲಿಯಲ್ಲಿ ಮಬ್ಬು ಹೆಚ್ಚು ಎಂಬುದು ಕ್ಯಾಮೆರಾ ರೂಪಿಸುವವರಿಗೆ ಮೊದಲಿಂದಲೂ ಗೊತ್ತಿತ್ತು. 1972ರಲ್ಲಿ ಹಾರಿದ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಮುಖ್ಯ ಸ್ಕ್ಯಾನರ್‌ನಲ್ಲಿ ನೀಲಿ ಬೆಳಕನ್ನು ಅಳೆಯುವ ಬ್ಯಾಂಡೇ ಇರಲಿಲ್ಲ. ನೆಲದ ಚಿತ್ರ ತೆಗೆಯುವ ನಮ್ಮ ಉಪಗ್ರಹ ಐಆರ್‌ಎಸ್-1ಎ ಬೆಂಗಳೂರಿನಲ್ಲಿ ತಯಾರಾಗಿ 1988ರ ಮಾರ್ಚ್‌ನಲ್ಲಿ ಬೈಕನೂರಿನಿಂದ ಮೇಲೇರಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಕಡೆಯ ಯು. ಆರ್. ರಾವ್. ಅದರ ಕ್ಯಾಮೆರಾಗಳಲ್ಲಿ ನೀಲಿ ಇತ್ತು. ಮುಂದೆ ಬಂದ ಭಾರತೀಯ ಉಪಗ್ರಹಗಳ ಲಿಸ್-3, ಲಿಸ್-4 ಕ್ಯಾಮೆರಾಗಳಲ್ಲಿ ಹಸಿರು, ಕೆಂಪು, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಉಳಿದವು, ನೀಲಿ ಬಿಟ್ಟುಹೋಯಿತು. ಆದ್ದರಿಂದಲೇ, ಅವಕೆಂಪನ್ನು ಕೆಂಪಾಗಿ ತೋರಿಸುವ ಆ ಚಿತ್ರಗಳಲ್ಲಿ ಗಿಡಮರಗಳು ಸಾಮಾನ್ಯವಾಗಿ ಕಡುಕೆಂಪಾಗಿ ಕಾಣುತ್ತವೆ. ಕಣ್ಣಿಗೆ ಕಾಣುವಂಥ ಸಹಜ ಬಣ್ಣ ಬೇಕಾದರೆ ನೀಲಿಯನ್ನು ಲೆಕ್ಕ ಹಾಕಿ ತುಂಬಬೇಕು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಮಬ್ಬು ನೆಲದ ಬೆಳಕಿಗೆ ಗಾಳಿಯ ಬೆಳಕನ್ನು ಸೇರಿಸುತ್ತದೆ. ನೀಲಿಗೆ ಹೆಚ್ಚು, ಕೆಂಪಿಗೆ ಕಡಿಮೆ, ಅವಕೆಂಪಿಗೆ ಇನ್ನೂ ಕಡಿಮೆ ಸೇರಿಸುತ್ತದೆ. ಇದರಿಂದ ಆಗುವ ನಷ್ಟವೇನು ಎಂಬುದು ಮುಂದಿನ ಮಾತು.

ಒಂದು ಉದ್ಯಾನವನ್ನು ಊಹಿಸಿಕೊಳ್ಳಿ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅವಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ನೂರು ಪಾಲು ಬೆಳಕು ಬಿದ್ದರೆ ಕೆಂಪಿನಲ್ಲಿ 5 ಪಾಲು ವಾಪಸು ಬರುತ್ತದೆ, ಅವಕೆಂಪಿನಲ್ಲಿ 40 ಎಂದಿಟ್ಟುಕೊಳ್ಳಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವುದು ಹಸಿರಿನ ಸೂಚ್ಯಂಕ. ಇಲ್ಲಿ ಅದು ಸುಮಾರು 0.8. ತೋಟ ಸೊಂಪಾಗಿದೆ ಎಂದು ಅರ್ಥ. ಈಗ ಮಬ್ಬು ಕವಿಯಿತು. ಕೆಂಪಿಗೆ 6 ಸೇರಿ 11 ಆಯಿತು. ಅವಕೆಂಪಿಗೆ 1 ಸೇರಿ 41 ಆಯಿತು. ಸೂಚ್ಯಂಕ 0.6ಕ್ಕೆ ಇಳಿಯಿತು. ಒಂದು ಎಲೆಯೂ ಉದುರಿಲ್ಲ. ಆದರೆ ಚಿತ್ರದ ಪ್ರಕಾರ ತೋಟ ಸೊರಗಿದೆ.

ಇದು ಕಾಗದದ ಮೇಲಿನ ಉದಾಹರಣೆ. ಆದರೆ ಇದರ ಪರಿಣಾಮ ದೊಡ್ಡದು. 1973ರ ಲ್ಯಾಂಡ್‌ಸ್ಯಾಟ್ ಚಿತ್ರದಿಂದ ಮೊದಲುಗೊಂಡು ಬೆಂಗಳೂರಿನ ಕಟ್ಟಡ, ಹಸಿರು, ಕೆರೆಗಳ ಬದಲಾವಣೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಅಳೆದಿದ್ದಾರೆ. ಇಂಥ ದೀರ್ಘ ಹೋಲಿಕೆಯಲ್ಲಿ ಪ್ರತಿ ಚಿತ್ರದ ಕ್ಯಾಮೆರಾ ಬೇರೆ, ದಿನ ಬೇರೆ, ಗಾಳಿ ಬೇರೆ. ಊರು ಬದಲಾದದ್ದು ಯಾವುದು, ಗಾಳಿ ಬದಲಾದದ್ದು ಯಾವುದು ಎಂದು ಬೇರ್ಪಡಿಸದೆ ಹೋಲಿಕೆ ನಿಲ್ಲುವುದಿಲ್ಲ.

ಹಾಗಾದರೆ ಮಬ್ಬನ್ನು ಕಳೆಯುವುದು ಹೇಗೆ? ಅತ್ಯಂತ ಸರಳ ಉಪಾಯವನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ಯಾಟ್ ಚಾವೆಜ್ 1988ರಲ್ಲಿ ಸುಧಾರಿಸಿ ಬರೆದರು. ಚಿತ್ರದಲ್ಲಿ ಅತ್ಯಂತ ಕಪ್ಪಾದ ಜಾಗ ಹುಡುಕಿ. ಆಳವಾದ ತಿಳಿನೀರು ಇರಬಹುದು, ಬೆಟ್ಟದ ನೆರಳು ಇರಬಹುದು. ಅದು ನಿಜವಾಗಿ ಹಿಂದಕ್ಕೆ ಕಳಿಸುವುದು ನೂರರಲ್ಲಿ ಒಂದು ಪಾಲು ಬೆಳಕು ಎಂದು ಹಿಡಿಯಿರಿ. ಚಿತ್ರದಲ್ಲಿ 8 ಕಂಡರೆ, ಉಳಿದ 7 ಗಾಳಿಯದು. ಪ್ರತಿ ಪಿಕ್ಸೆಲ್‌ನಿಂದ 7 ಕಳೆಯಿರಿ. ಅಂಗಡಿಯಲ್ಲಿ ಎಣ್ಣೆ ಅಳೆಯುವ ಮೊದಲು ಖಾಲಿ ಡಬ್ಬ ತೂಗುತ್ತಾರಲ್ಲ, ಅದೇ ಕ್ರಮ. ಡಬ್ಬದ ತೂಕ ಕಳೆದರೆ ಉಳಿಯುವುದು ಎಣ್ಣೆಯ ತೂಕ.

ಇದಕ್ಕೆ ಬೇರೆ ಉಪಕರಣ ಬೇಡ, ಆ ದಿನದ ಹವಾಮಾನ ವರದಿಯೂ ಬೇಡ. ಚಿತ್ರವೊಂದೇ ಸಾಕು. ಹಳೆಯ ಚಿತ್ರಗಳಿಗೆ ಇದು ಇಂದಿಗೂ ಬಳಕೆಯಲ್ಲಿದೆ.

ಉಪಾಯ ಏನೋ ಗೊತ್ತಾಯಿತು. ಕಪ್ಪು ಜಾಗ ಹುಡುಕಬೇಕು, ಅದು ಎಷ್ಟು ಬೆಳ್ಳಗಾಗಿದೆ ಎಂದು ನೋಡಬೇಕು, ಅಷ್ಟನ್ನು ಕಳೆಯಬೇಕು. ನಗರದ ತೊಡಕು ಶುರುವಾಗುವುದು ಇಲ್ಲೇ. ನಗರದಲ್ಲಿ ನಂಬಬಹುದಾದ ಕಪ್ಪು ಎಲ್ಲಿದೆ?

ನೀರು ನೋಡೋಣ. ದೆಹಲಿಯಲ್ಲಿ ಯಮುನೆ ಇದೆ. ಆದರೆ ಅದರ ನೀರು ಕೆಸರು. ಓಖ್ಲಾ ಅಣೆಕಟ್ಟೆಯ ಬಳಿ, ಕಾಲಿಂದಿ ಕುಂಜ್‌ನಲ್ಲಿ, ಅಕ್ಟೋಬರ್–ನವೆಂಬರ್‌ನಲ್ಲಿ ಬಿಳಿ ನೊರೆ ತೇಲುತ್ತದೆ. ಛಠ್ ಹಬ್ಬದ ಹೊತ್ತಿಗೆ ಆ ನೊರೆಯ ನಡುವೆ ನಿಂತು ಅರ್ಘ್ಯ ಕೊಡುವವರ ಫೋಟೋಗಳು ಪತ್ರಿಕೆಗಳಲ್ಲಿ ಬರುತ್ತವೆ. ಮಬ್ಬು ಹೆಚ್ಚಾಗುವ ತಿಂಗಳು, ನೊರೆ ಹೆಚ್ಚಾಗುವ ತಿಂಗಳು ಎರಡೂ ಒಂದೇ. ಬೆಂಗಳೂರಿನ ಕಥೆಯೂ ಬೇರೆಯಲ್ಲ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೊರೆ ದೇಶಕ್ಕೆಲ್ಲ ಸುದ್ದಿಯಾಗಿತ್ತು. ನೊರೆ ಇಲ್ಲದ ಕಡೆ ಕಳೆ ಹಬ್ಬಿತ್ತು. ತಿಳಿನೀರು ಅವಕೆಂಪನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಕಳೆ ಮುಚ್ಚಿದ ಕೆರೆ ಅದೇ ಬೆಳಕನ್ನು ಹುಲ್ಲುಗಾವಲಿನಷ್ಟೇ ಹಿಂದಕ್ಕೆ ಕಳಿಸುತ್ತದೆ. ಅದನ್ನು ಕಪ್ಪು ಎಂದು ಹಿಡಿದರೆ ಇಡೀ ಚಿತ್ರದ ಲೆಕ್ಕ ಕೆಡುತ್ತದೆ.

ನೆರಳು ನೋಡೋಣ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ದೆಹಲಿಯಲ್ಲಿ ಸೂರ್ಯ ಇನ್ನೂ ಕೆಳಗೇ ಇರುತ್ತಾನೆ. ಹತ್ತು ಮಹಡಿಯ ಕಟ್ಟಡ ಎಂದರೆ ಸುಮಾರು 30 ಮೀಟರ್ ಎತ್ತರ. ಅದರ ನೆರಳು 50 ಮೀಟರ್ ಹತ್ತಿರ ಚಾಚುತ್ತದೆ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಇಡೀ ಕಟ್ಟಡದ ನೆರಳು ಒಂದು ಪಿಕ್ಸೆಲನ್ನು ಪೂರ್ತಿ ತುಂಬಿದರೆ ಹೆಚ್ಚು. ಮಿಕ್ಕ ಕಡೆ ಅರ್ಧ ನೆರಳು, ಅರ್ಧ ಬಿಸಿಲು. ಅದೂ ಅಲ್ಲದೆ ನೆರಳಿಗೆ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ. ಮಬ್ಬು ಹೆಚ್ಚಾದಷ್ಟೂ ಆ ಬೆಳಕು ಹೆಚ್ಚು. ಆದ್ದರಿಂದ ಮಬ್ಬು ಕವಿದ ದಿನ ನೆರಳೂ ಕಪ್ಪಾಗಿ ಉಳಿಯುವುದಿಲ್ಲ.

ಉಳಿಯುವುದು ದಟ್ಟ ಹಸಿರು. ದೆಹಲಿಯಲ್ಲಿ ಅರಾವಳಿ ಬೆಟ್ಟಸಾಲಿನ ಬಾಲದಂತಿರುವ ರಿಡ್ಜ್ ಕಾಡು ಇದೆ. ಅಲ್ಲಿ ಹೆಚ್ಚಾಗಿ ಬೆಳೆದಿರುವುದು ವಿಲಾಯತಿ ಕೀಕರ್, ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಗಿಡ. ಕೆಂಪು, ನೀಲಿ ಬೆಳಕಿನಲ್ಲಿ ಈ ಕಾಡು ಸಾಕಷ್ಟು ಕಪ್ಪು. ಆದರೆ ಅದು ತನ್ನ ಮೇಲಿನ ಗಾಳಿಯ ವಿಷಯ ಹೇಳೀತೇ ಹೊರತು ಯಮುನೆಯ ಆಚೆ ದಡದ ಬಡಾವಣೆಗಳ ಗಾಳಿಯ ವಿಷಯ ಹೇಳಲಾರದು.

ಹಾಗಾಗಿ ಎರಡು ಮಾತು ನೆನಪಿರಲಿ. ಕಪ್ಪು ಇದ್ದರೆ ಮಬ್ಬನ್ನು ಅಳೆಯಬಹುದು. ನಗರದಲ್ಲಿ ಕಪ್ಪು ಕಡಿಮೆ, ಇದ್ದದ್ದೂ ಚದುರಿಹೋಗಿದೆ. ಇನ್ನು ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿಗಳನ್ನು ನೋಡೋಣ.

ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿದ್ದ ಯೋರಾಮ್ ಕೌಫ್‌ಮನ್ ಒಂದು ಜಾಣ ದಾರಿ ಹಿಡಿದರು. 2.1 ಮೈಕ್ರಾನ್ ಅಲೆಯುದ್ದದ ಅವಕೆಂಪು ಬೆಳಕಿಗೆ ಹೊಗೆಯ ಸಣ್ಣ ಕಣಗಳು ಅಷ್ಟಾಗಿ ಅಡ್ಡಬರುವುದಿಲ್ಲ. ಅದು ಹೊಗೆಯ ನಡುವೆಯೂ ನೆಲವನ್ನು ತೋರಿಸುತ್ತದೆ. ಹಸಿರು ನೆಲ ಆ ಬೆಳಕಿನಲ್ಲಿ ಎಷ್ಟು ಹೊಳೆಯುತ್ತದೋ, ಕೆಂಪಿನಲ್ಲಿ ಸುಮಾರು ಅದರ ಅರ್ಧ, ನೀಲಿಯಲ್ಲಿ ಕಾಲುಭಾಗ ಹೊಳೆಯುತ್ತದೆ ಎಂದು ಅವರು ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2.1 ಮೈಕ್ರಾನ್ ಅವಕೆಂಪಿನಲ್ಲಿ 8 ಕಂಡಿತೇ? ಕೆಂಪು 4 ಇರಬೇಕು. ಚಿತ್ರದಲ್ಲಿ 9 ಇದೆಯೇ? ಹೆಚ್ಚಿನ 5 ಮಬ್ಬಿನದು. ಲೆಕ್ಕ ಮುಗಿಯಿತು.

ಹೊಲ, ಕಾಡುಗಳ ಮೇಲೆ ಇದು ಚೆನ್ನಾಗಿ ನಡೆಯಿತು. ನಗರಕ್ಕೆ ಬಂದಾಗ ಎಡವಿತು. ಕಾಂಕ್ರೀಟು, ಡಾಂಬರು, ತಗಡು ಈ ಅರ್ಧ–ಕಾಲು ನಿಯಮ ಪಾಲಿಸುವುದಿಲ್ಲ. ತಾರಸಿಯೊಂದು ಆ 2.1 ಮೈಕ್ರಾನ್ ಅವಕೆಂಪಿನಲ್ಲಿ 20 ಇದ್ದರೆ ಕೆಂಪಿನಲ್ಲಿ 16 ಇರಬಹುದು. ನಿಯಮ 10 ಎನ್ನುತ್ತದೆ. ಉಳಿದ 6 ಮಬ್ಬಿನ ಖಾತೆಗೆ ಹೋಗುತ್ತದೆ, ಆಕಾಶ ತಿಳಿಯಾಗಿದ್ದರೂ. ಹೀಗೆ ನಗರಗಳ ಮೇಲೆ ಇಲ್ಲದ ಮಬ್ಬು ಕಾಣತೊಡಗಿತು. ಪವನ್ ಗುಪ್ತಾ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೆ ತಿದ್ದುಪಡಿ ತಂದರು. ಒಂದು ಚೌಕದಲ್ಲಿ ನಗರದ ಪಾಲು ಎಷ್ಟಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಆ ಅನುಪಾತವನ್ನು ಬದಲಿಸುವುದು ಅವರ ಕ್ರಮ. ನಾಸಾದ ಮುಂದಿನ ದತ್ತಾಂಶದಲ್ಲಿ ಅದು ಸೇರಿಕೊಂಡಿತು.

ಇನ್ನೊಂದು ತೊಡಕಿದೆ. ಇದುವರೆಗೆ ಮಬ್ಬು ಬೆಳಕನ್ನು ಸೇರಿಸುತ್ತದೆ ಎಂದಷ್ಟೇ ಹೇಳಿದೆವು. ಅದು ಬೆಳಕನ್ನು ಕಿತ್ತುಕೊಳ್ಳುತ್ತದೆ ಕೂಡ. ಹೊಗೆಯ ಮಸಿ ಬೆಳಕನ್ನು ಹೀರುತ್ತದೆ. ಹೀಗಾಗಿ ಕಪ್ಪು ನೆಲ ಮಬ್ಬಿನಲ್ಲಿ ಬೆಳ್ಳಗಾಗುತ್ತದೆ, ಬಿಳಿ ನೆಲ ಮಂಕಾಗುತ್ತದೆ. ನಡುವೆ ಒಂದು ಮಟ್ಟದ ಹೊಳಪಿನಲ್ಲಿ ಸೇರಿದ್ದೂ ಕಳೆದದ್ದೂ ಸಮವಾಗುತ್ತವೆ. ಅಂಥ ನೆಲದ ಮೇಲೆ ಹೊಗೆ ದಟ್ಟವಾದರೂ ಕ್ಯಾಮೆರಾಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರಾಬರ್ಟ್ ಫ್ರೇಸರ್ ಮತ್ತು ಕೌಫ್‌ಮನ್ ಇದನ್ನು 1985ರಲ್ಲೇ ವಿವರಿಸಿದ್ದರು. ನಗರದ ತಾರಸಿ, ಅಂಗಳಗಳಲ್ಲಿ ತೀರ ಕಪ್ಪೂ ಅಲ್ಲದ ತೀರ ಬಿಳಿಯೂ ಅಲ್ಲದ ಮೇಲ್ಮೈಗಳೇ ಬಹಳ. ಮಬ್ಬು ಅಡಗಿ ಕೂರುವುದಕ್ಕೆ ಅದು ಒಳ್ಳೆಯ ಜಾಗ.

ಕೌಫ್‌ಮನ್ ಅವರ ದಾರಿ ನಗರದಲ್ಲಿ ಎಲ್ಲಿ ತಡೆಯಿತು ಎಂಬುದು ಈಗ ಸ್ಪಷ್ಟವಾಗಿದೆ. ನೆಲ ಕಪ್ಪಾಗಿರದಿದ್ದರೆ ಬಣ್ಣ ಬದಲಿಸಬೇಕು, ಅಥವಾ ದಿನ ಬದಲಿಸಬೇಕು. ಎರಡೂ ದಾರಿಗಳು ಇವೆ.

ಬಣ್ಣ ಬದಲಿಸಿದವರು ನಾಸಾದ ಕ್ರಿಸ್ಟಿನಾ ಸೂ. ಕೆಂಪಿನಲ್ಲಿ ಕಣ್ಣು ಕೋರೈಸುವ ಮರಳು ಕಡುನೀಲಿಯಲ್ಲಿ ಸಾಕಷ್ಟು ಕಪ್ಪಾಗಿ ಕಾಣುತ್ತದೆ. 2004ರಲ್ಲಿ ಅವರು ಮತ್ತು ಸಂಗಡಿಗರು ಇದನ್ನು ಮರುಭೂಮಿಗಳಿಗೆ ಅನ್ವಯಿಸಿದರು. ಮುಂದೆ ಅದು ನಗರಗಳಿಗೂ ಒದಗಿತು. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8ರಲ್ಲಿ ಕಡುನೀಲಿಗೆಂದೇ ಒಂದು ಬ್ಯಾಂಡ್ ಇದೆ. ಯುರೋಪಿನ ಸೆಂಟಿನೆಲ್-2ರಲ್ಲೂ ಇದೆ.

ದಿನ ಬದಲಿಸುವ ದಾರಿ ಅಲೆಕ್ಸಿ ಲ್ಯಾಪುಸ್ಟಿನ್ ಮತ್ತು ಸಂಗಡಿಗರದ್ದು. ದೆಹಲಿಯ ಚಾಂದನಿ ಚೌಕದ ತಾರಸಿಗಳು ಒಂದು ವಾರದಲ್ಲಿ ಬದಲಾಗುವುದಿಲ್ಲ. ಗಾಳಿ ದಿನದಿನಕ್ಕೂ ಬದಲಾಗುತ್ತದೆ. ಹಲವು ದಿನಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ, ಬದಲಾಗದೆ ಉಳಿದದ್ದು ಊರು, ಬದಲಾದದ್ದು ಗಾಳಿ. ಈ ದಾರಿಗೆ ಕಪ್ಪು ಜಾಗವೇ ಬೇಕಿಲ್ಲ. ಆದರೆ ದಿನವೂ ಹಾದುಹೋಗುವ ಉಪಗ್ರಹ ಬೇಕು. ಟೆರ್ರಾ, ಆಕ್ವಾ ಅಂಥವು. ಅವುಗಳಿಂದ ಸಿಗುವ ಮಬ್ಬಿನ ನಕ್ಷೆಯ ಒಂದು ಚೌಕ ಸುಮಾರು ಒಂದು ಕಿಲೋಮೀಟರ್.

ಇಷ್ಟೆಲ್ಲ ಲೆಕ್ಕ ಸರಿಯಾಗಿದೆಯೇ ಎಂದು ನೆಲದಿಂದ ಪರೀಕ್ಷಿಸುವವರೂ ಇದ್ದಾರೆ. ಏರೋನೆಟ್ ಎಂಬ ಜಾಲದ ಉಪಕರಣಗಳು ಸೂರ್ಯನ ಕಡೆಗೇ ತಿರುಗಿಕೊಂಡು, ಎಷ್ಟು ಬೆಳಕು ನೇರವಾಗಿ ತಲುಪಿತು ಎಂದು ಅಳೆಯುತ್ತವೆ. ಕಾನ್ಪುರದ ಐಐಟಿಯಲ್ಲಿ 2001ರಿಂದ ಇಂಥದ್ದೊಂದು ಇದೆ. ಅಳತೆಯ ಮಾನ ಹೀಗಿದೆ. ಮಬ್ಬಿನ ದಪ್ಪ 1 ಎಂದರೆ, ನೆತ್ತಿಯ ಮೇಲಿಂದ ಬರುವ ನೂರು ಪಾಲು ಬೆಳಕಿನಲ್ಲಿ ಸುಮಾರು 37 ಪಾಲು ಮಾತ್ರ ನೇರವಾಗಿ ನೆಲ ಮುಟ್ಟುತ್ತದೆ. ಉಳಿದದ್ದು ಚದುರುತ್ತದೆ ಇಲ್ಲವೇ ಹೀರಿಹೋಗುತ್ತದೆ. ಗಂಗಾ ಬಯಲಿನ ಕೆಟ್ಟ ದಿನಗಳಲ್ಲಿ ಈ ಅಂಕಿ 1ನ್ನು ದಾಟುವುದುಂಟು.

ಮಬ್ಬಿನ ಪ್ರಮಾಣ ತಿಳಿದ ಮೇಲೆ ಕೆಲಸ ಮುಗಿಯಿತೇ? ನಗರದಲ್ಲಿ ಇನ್ನೂ ಒಂದು ಉಳಿಯುತ್ತದೆ. ಅದು ನೆರೆಹೊರೆಯ ಬೆಳಕು. ದೆಹಲಿಯ ಲೋಧಿ ಉದ್ಯಾನ ಸುಮಾರು 90 ಎಕರೆ. ಲ್ಯಾಂಡ್‌ಸ್ಯಾಟ್‌ಗೆ ಅದು ಸುಮಾರು 400 ಪಿಕ್ಸೆಲ್. ಸುತ್ತಲೂ ರಸ್ತೆ, ಕಟ್ಟಡ. ಅವುಗಳಿಂದ ಎದ್ದ ಬೆಳಕು ಮಬ್ಬಿಗೆ ತಾಗಿ ಪಕ್ಕಕ್ಕೆ ತಿರುಗಿ, ಉದ್ಯಾನದಿಂದ ಬಂದ ಬೆಳಕಿನ ಜೊತೆ ಕ್ಯಾಮೆರಾ ಸೇರುತ್ತದೆ. ಕಾಡಿನ ನಡುವಿನ ಮರಕ್ಕೆ ಈ ತೊಂದರೆಯಿಲ್ಲ, ಅದರ ನೆರೆಯವರೂ ಮರಗಳೇ. ನಗರದ ಮರಕ್ಕೆ ಪಕ್ಕದ ಗೋಡೆಯ ಬೆಳಕು ಅಂಟುತ್ತದೆ. ಉದ್ಯಾನ ಚಿಕ್ಕದಾದಷ್ಟೂ ಈ ಕಲಬೆರಕೆ ಹೆಚ್ಚು.

ಇಲ್ಲಿ ಒಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರಬಹುದು. ಮೊಬೈಲಿನಲ್ಲೇ ಒಂದು ಗುಂಡಿ ಒತ್ತಿದರೆ ಫೋಟೋದ ಮಬ್ಬು ಹೋಗುತ್ತದಲ್ಲ? ಹೋಗುತ್ತದೆ. ಅಂಥ ವಿಧಾನಗಳಲ್ಲಿ ಹೆಸರಾದದ್ದು ಕೈಮಿಂಗ್ ಹೆ, ಜಿಯಾನ್ ಸುನ್, ಶಿಯಾವೊಊ ಟ್ಯಾಂಗ್ ಅವರು 2009ರಲ್ಲಿ ಮಂಡಿಸಿದ್ದು. ಮಬ್ಬಿಲ್ಲದ ಹೊರಾಂಗಣ ಚಿತ್ರದಲ್ಲಿ ಆಕಾಶ ಬಿಟ್ಟು ಬಹುತೇಕ ಯಾವ ಸಣ್ಣ ತುಣುಕು ತೆಗೆದರೂ, ಕೆಂಪು–ಹಸಿರು–ನೀಲಿಯಲ್ಲಿ ಒಂದಾದರೂ ಬಣ್ಣ ಎಲ್ಲೋ ಸೊನ್ನೆಯ ಹತ್ತಿರ ಇರುತ್ತದೆ ಎಂಬುದು ಅದರ ಆಧಾರ. ಇಲ್ಲೂ ಕಪ್ಪಿನದೇ ಹುಡುಕಾಟ. ಬಿಳಿ ತಾರಸಿಗಳ ಬಡಾವಣೆಯಲ್ಲಿ ಅಂಥ ಸೊನ್ನೆ ಸಿಗುವುದಿಲ್ಲ. ಆಗ ಅದು ಬಿಳಿ ತಾರಸಿಯನ್ನೇ ಮಬ್ಬೆಂದು ತಿಳಿದು ಕಪ್ಪಾಗಿಸುತ್ತದೆ.

ಕೆನಡಾದ ವಿಜ್ಞಾನಿಗಳು 2002ರಲ್ಲಿ ಲ್ಯಾಂಡ್‌ಸ್ಯಾಟ್‌ಗಾಗಿ ರೂಪಿಸಿದ ವಿಧಾನ ನೀಲಿ ಮತ್ತು ಕೆಂಪನ್ನು ತಾಳೆ ನೋಡುತ್ತದೆ. ತಿಳಿ ಆಕಾಶದಲ್ಲಿ ಎರಡೂ ಒಟ್ಟಿಗೆ ಏರಿಳಿಯುತ್ತವೆ. ನೀಲಿ ಒಂದೇ ಮೇಲೆ ಹೋದರೆ ಅಲ್ಲಿ ಮಬ್ಬಿದೆ ಎಂದರ್ಥ. ಆದರೆ ನೀಲಿ ತಗಡಿನ ಶೆಡ್ಡು ಇದ್ದರೆ, ಮಳೆಗಾಲದಲ್ಲಿ ಮುಂಬೈಯ ಗುಡಿಸಲುಗಳ ಮೇಲೆ ಹೊದಿಸುವ ನೀಲಿ ಟಾರ್ಪಾಲ್ ಇದ್ದರೆ, ಅದಕ್ಕೂ ಮಬ್ಬೆಂಬ ಹೆಸರು ಬೀಳುತ್ತದೆ. ಈಗ ಕೃತಕ ಬುದ್ಧಿಮತ್ತೆಯೂ ಮಬ್ಬು ತೆಗೆಯುತ್ತದೆ. ತಾನು ಕಲಿತ ಸಾವಿರಾರು ಚಿತ್ರಗಳ ಆಧಾರದಿಂದ ಹೀಗಿರಬಹುದು ಎಂದು ತುಂಬುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಷ್ಟು ಸಾಕು. ಮರ ಎಣಿಸುವ ಚಿತ್ರಕ್ಕೆ ಸಾಲದು.

ಕೊನೆಗೆ ಬಳಸುವವರ ಮಾತು. ನಗರಪಾಲಿಕೆಯ ತೋಟಗಾರಿಕೆ ವಿಭಾಗದವರೋ, ಕಾಲೇಜಿನ ಭೂಗೋಳ ವಿದ್ಯಾರ್ಥಿಯೋ ಎರಡು ವರ್ಷಗಳ ಹಸಿರನ್ನು ಹೋಲಿಸಲು ಕೂತಿದ್ದಾರೆ ಎನ್ನೋಣ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ. ಮಬ್ಬು ಕಳೆದ, ನೆಲದ ಪ್ರತಿಫಲನದ ರೂಪವೂ ಸಿದ್ಧವಾಗಿ ಸಿಗುತ್ತದೆ. ಲ್ಯಾಂಡ್‌ಸ್ಯಾಟ್-8 ಮತ್ತು 9ರ ಅಂಥ ಪ್ರತಿ ಚಿತ್ರದ ಜೊತೆ ಏರೋಸಾಲ್ ಗುಣಮಟ್ಟದ ಒಂದು ಪದರ ಬರುತ್ತದೆ. ಅದು ಒಂದೊಂದು ಪಿಕ್ಸೆಲ್‌ಗೂ ಏರೋಸಾಲ್ ಕಡಿಮೆ, ಮಧ್ಯಮ, ಹೆಚ್ಚು ಎಂದು ಗುರುತು ಹಾಕಿರುತ್ತದೆ. ‘ಹೆಚ್ಚು’ ಎಂದಿರುವ ಪಿಕ್ಸೆಲ್‌ಗಳನ್ನು ಬಳಸಬೇಡಿ ಎಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯೇ ಸೂಚಿಸುತ್ತದೆ. ಮೊದಲು ತೆರೆಯಬೇಕಾದದ್ದು ಆ ಪದರ.

ಎರಡೂ ವರ್ಷ ಒಂದೇ ತಿಂಗಳ ಚಿತ್ರ ಆರಿಸಿಕೊಳ್ಳುವುದು ಇನ್ನೊಂದು ಎಚ್ಚರಿಕೆ. ಎರಡು ಲ್ಯಾಂಡ್‌ಸ್ಯಾಟ್‌ಗಳು ಸೇರಿದರೆ ಒಂದು ಊರಿನ ಮೇಲೆ ಎಂಟು ದಿನಕ್ಕೊಮ್ಮೆ ಹಾಯುತ್ತವೆ. ನವೆಂಬರ್‌ನಿಂದ ಜನವರಿವರೆಗೆ ದೆಹಲಿಗೆ ಸಿಗುವುದು ಹನ್ನೊಂದೋ ಹನ್ನೆರಡೋ ಚಿತ್ರ. ಮೋಡ, ಮಂಜು, ಮಬ್ಬಿನವನ್ನು ಬಿಟ್ಟರೆ ಕೈಗೆ ಉಳಿಯುವುದು ಕೆಲವೇ. ಆದ್ದರಿಂದ ದೆಹಲಿಯ ಹಸಿರನ್ನು ಅಳೆಯುವವರಿಗೆ ಮಳೆಗಾಲ ಮುಗಿದ ಕೂಡಲೇ ಬರುವ ದಿನಗಳು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಕೂಳೆಗೆ ಬೆಂಕಿ ಬೀಳುವ ಮೊದಲಿನ ಎರಡು ಮೂರು ವಾರಗಳು, ಹೆಚ್ಚು ಅನುಕೂಲ. ಮಳೆ ಗಾಳಿಯನ್ನು ತೊಳೆದಿರುತ್ತದೆ, ಮರಗಳಲ್ಲಿ ಎಲೆಯೂ ತುಂಬಿರುತ್ತದೆ.